ಅಂಗೈ ಅಗಲದ ಕಂಪ್ಯೂಟರಿನ ಹೊಟ್ಟೆಯೊಳಗೆ

ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರದ ಗಲ್ಲಿಯೊಂದರಲ್ಲಿ ಮೊಬೈಲು, ರೇಡಿಯೊ, ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲವನ್ನೂ ರಿಪೇರಿ ಮಾಡುವ ಸಣ್ಣ ಅಂಗಡಿ ಇದೆ. ಹೋದ ತಿಂಗಳು ನಾನು ಹೋದಾಗ ಅಂಗಡಿಯವನ ಮೇಜಿನ ಮೇಲೆ ಕಂಡಕ್ಟರರ ಟಿಕೆಟ್ ಮಿಷನ್ ಒಂದು ಬಿಚ್ಚಿಕೊಂಡು ಬಿದ್ದಿತ್ತು. ದಿನಾ ಅತ್ತಿಬೆಲೆ ಕಡೆಗೆ ಓಡಾಡುವಾಗ ಕಂಡಕ್ಟರರ ಕೈಯಲ್ಲಿ ನೋಡುತ್ತಿದ್ದ ವಸ್ತುವೇ. ಆದರೆ ಒಳಗನ್ನು ನೋಡಿದ್ದು ಅವತ್ತೇ ಮೊದಲು.

"ಬ್ಯಾಟ್ರಿ ಹೋಗೈತಾ?" ಅಂದೆ.

"ಇಲ್ಲ ಸಾರ್, ಬ್ಯಾಟ್ರಿ ಚೆನ್ನಾಗೈತೆ. ಹೆಡ್ಡು ಹೋಗೈತೆ. ಇಲ್ನೋಡಿ, ಟಿಕೆಟ್‌ನಾಗೆ ಬಿಳೀ ಗೀಟು ಬರ್ತೈತೆ" ಅಂತ ಒಂದು ಚೀಟಿ ಹರಿದು ಕೊಟ್ಟ. ದರ, ತಾರೀಖು, ಊರಿನ ಹೆಸರು ಎಲ್ಲದರ ನಡುವೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ ಮೇಲಿಂದ ಕೆಳಗಿನವರೆಗೆ ಓಡಿತ್ತು.

ಆ ಗೆರೆಯಿಂದಲೇ ಶುರುಮಾಡೋಣ. ಟಿಕೆಟ್ ಮಿಷನ್ನಿಗೆ ಶಾಯಿ ಇಲ್ಲ. ಕಾಗದದ ಮೇಲೆಯೇ ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ. ಸುಮಾರು ಎರಡು ಇಂಚು ಅಗಲದ ಕಾಗದಕ್ಕೆ ಎದುರಾಗಿ ಒಂದು ಪಟ್ಟಿ, ಆ ಪಟ್ಟಿಯ ಮೇಲೆ ಒಂದೇ ಸಾಲಿನಲ್ಲಿ 384 ಪುಟಾಣಿ ಹೀಟರುಗಳು, ಒಂದು ಮಿಲಿಮೀಟರಿಗೆ ಎಂಟರ ಲೆಕ್ಕದಲ್ಲಿ. ಅದರಲ್ಲಿ ಒಂದು ಸುಟ್ಟುಹೋದರೂ ಕಾಗದ ಮುಂದೆ ಸರಿದಂತೆ ಆ ಜಾಗ ಬೆಳ್ಳಗೇ ಉಳಿಯುತ್ತದೆ. ಅವನು ತೋರಿಸಿದ ಗೆರೆ ಅದೇ.

ಈಗ ಒಂದು ಸಣ್ಣ ಲೆಕ್ಕ. ಇಂಥ ಹೆಡ್ಡಿನಲ್ಲಿ ಸಾಮಾನ್ಯವಾಗಿ ಒಂದು ಚುಕ್ಕಿ ಕಾಯಲು 40 ಮಿಲಿಆಂಪಿಯರ್‌ನಷ್ಟು ಕರೆಂಟು ಬೇಕು. ಇಡೀ ಸಾಲನ್ನು ಒಮ್ಮೆಗೇ ಕಪ್ಪು ಮಾಡಹೊರಟರೆ 15 ಆಂಪಿಯರ್ ದಾಟುತ್ತದೆ. 7.2 ವೋಲ್ಟಿನ ಬ್ಯಾಟರಿಯಿಂದ ಅಷ್ಟನ್ನು ಎಳೆಯುವುದೆಂದರೆ ಆ ಗಳಿಗೆಯ ಮಟ್ಟಿಗೆ 110 ವ್ಯಾಟ್, ಮನೆಯ ಸೀಲಿಂಗ್ ಫ್ಯಾನಿಗಿಂತ ಹೆಚ್ಚು. ಅಂಗೈಯಲ್ಲಿ ಹಿಡಿಯುವ ಬ್ಯಾಟರಿಗೆ ಇದು ಆಗದ ಮಾತು. ಅದಕ್ಕೇ ಸಾಲನ್ನು ಪಾಲು ಮಾಡುತ್ತಾರೆ. ಮೊದಲು 64 ಚುಕ್ಕಿ, ಆಮೇಲೆ ಇನ್ನೊಂದು 64, ಹೀಗೆ ಆರು ಕಂತಿನಲ್ಲಿ ಒಂದು ಸಾಲು. ಕಂತು ಹೆಚ್ಚಿದರೆ ಬ್ಯಾಟರಿ ಚಿಕ್ಕದಾಗಿದ್ದರೂ ಸಾಕು, ಆದರೆ ಟಿಕೆಟ್ ನಿಧಾನವಾಗಿ ಬರುತ್ತದೆ. ಕಂತು ಕಡಿಮೆ ಮಾಡಿದರೆ ಟಿಕೆಟ್ ಸರಕ್ಕನೆ ಬರುತ್ತದೆ, ಆದರೆ ಕಂಡಕ್ಟರರ ಹೆಗಲಿನ ಭಾರ ಏರುತ್ತದೆ. ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಅರವತ್ತು ಜನಕ್ಕೆ ಚೀಟಿ ಹರಿಯಬೇಕಾದವರಿಗೆ ಇವೆರಡರಲ್ಲಿ ಯಾವುದು ಬೇಕು? ಇದನ್ನು ವಿನ್ಯಾಸ ಮಾಡಿದ ಎಂಜಿನಿಯರು ಮೇಜಿನ ಮುಂದೆ ಕೂತು ತೀರ್ಮಾನಿಸಿದ್ದು ಈ ಪ್ರಶ್ನೆಯನ್ನೇ. ಬಿಚ್ಚಿದ ಮಿಷನ್ನಿನಲ್ಲಿ ಆ ತೀರ್ಮಾನ ಕಣ್ಣಿಗೇ ಕಾಣುತ್ತಿತ್ತು. ಲೆಕ್ಕ ಮಾಡುವ ಚಿಪ್ಪು ನನ್ನ ಕಿರುಬೆರಳಿನ ಉಗುರಿನಷ್ಟು. ಅರ್ಧ ಜಾಗವನ್ನು ಬ್ಯಾಟರಿ ಮತ್ತು ಕಾಗದದ ಸುರುಳಿಯೇ ತಿಂದಿದ್ದವು.

ಕೈಯಲ್ಲಿ ಹಿಡಿಯುವ ಯಾವ ಕಂಪ್ಯೂಟರನ್ನಾದರೂ ಬಿಚ್ಚಿ ನೋಡಿ, ಒಳಗಿರುವುದಕ್ಕಿಂತ ಒಳಗಿಲ್ಲದ್ದೇ ಹೆಚ್ಚು ಮಾತಾಡುತ್ತದೆ. ಯಾವುದನ್ನು ಬಿಟ್ಟರು, ಯಾರಿಗೋಸ್ಕರ ಬಿಟ್ಟರು? ಈ ಪ್ರಶ್ನೆ ಹಿಡಿದು ಹೊರಟರೆ ನನಗೆ ನೆನಪಾಗುವುದು ನಮ್ಮೂರಿಂದ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರ್ ಎಂಬ ಕೈಯಂತ್ರ.

1998ರಲ್ಲಿ ಬೆಂಗಳೂರಿನಲ್ಲಿ ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕು ಎಂಬ ಬಗ್ಗೆ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅದರ ಬೆನ್ನಿಗೇ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್, ಅವರ ಜೊತೆಗೆ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಅದನ್ನು ಕಟ್ಟಿದವರು. ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ, ಓದು ಬರಹ ಬಾರದವರೂ ಬಳಸಬಹುದಾದ, ನಮ್ಮ ಭಾಷೆಗಳಲ್ಲಿ ಮಾತಾಡುವ ಕೈಯಂತ್ರ ಮಾಡಬೇಕು ಎಂಬುದು ಅವರ ಆಸೆ. 2001ರ ಏಪ್ರಿಲ್‌ನಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಆಗಿನ್ನೂ ನಮ್ಮ ಕಡೆಯ ಹಳ್ಳಿಗಳಲ್ಲಿ ಫೋನ್ ಮಾಡಬೇಕಾದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಕೃಷ್ಣಗಿರಿ ಜಿಲ್ಲೆಯೇ ಹುಟ್ಟಿರಲಿಲ್ಲ, ನಾವು ಧರ್ಮಪುರಿ ಜಿಲ್ಲೆಯವರು.

ಸಿಂಪ್ಯೂಟರಿನ ಒಳಗನ್ನು ನೋಡಿ. ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು, ವೇಗ 206 ಮೆಗಾಹರ್ಟ್ಸ್. ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳು ಆ ಕಾಲಕ್ಕಾಗಲೇ ಗಿಗಾಹರ್ಟ್ಸ್ ಮುಟ್ಟಿದ್ದವು. ಹಾಗಿದ್ದರೂ ನಿಧಾನದ ಚಿಪ್ಪನ್ನೇ ಆರಿಸಿದ್ದು ಏಕೆ? ಈ ಚಿಪ್ಪು ಪೂರಾ ದುಡಿಯುವಾಗಲೂ 400 ಮಿಲಿವ್ಯಾಟ್ ಒಳಗೇ ಬಾಳುತ್ತದೆ, ಸುಮ್ಮನೆ ಕಾಯುವಾಗ 100ಕ್ಕಿಂತ ಕಡಿಮೆ. ಮೇಜಿನ ಕಂಪ್ಯೂಟರಿನ ಚಿಪ್ಪಿಗೆ ಹತ್ತಾರು ವ್ಯಾಟ್ ಬೇಕಿತ್ತು, ಮೇಲೊಂದು ಫ್ಯಾನೂ ಬೇಕಿತ್ತು. ಚಿಪ್ಪು ತಿನ್ನುವ ವಿದ್ಯುತ್ತು ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ಜೊತೆಗಂತೂ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜು ಅರ್ಧವಾದರೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ವೋಲ್ಟೇಜು ಇಳಿಸಿದ ಚಿಪ್ಪು ವೇಗವಾಗಿ ಓಡಲಾರದು. ಕೈಯಂತ್ರದವರು ವೇಗವನ್ನು ಬಿಟ್ಟುಕೊಟ್ಟು ಬ್ಯಾಟರಿಯ ಆಯಸ್ಸನ್ನು ಕೊಂಡುಕೊಳ್ಳುವುದು ಈ ಲೆಕ್ಕದಿಂದಲೇ.

ಮಾದರಿ ಯಂತ್ರದ ಬ್ಯಾಟರಿ ಎಂದರೆ ರಿಮೋಟಿಗೆ ಹಾಕುವ ಅಳತೆಯ ಮೂರು ಸಣ್ಣ ಸೆಲ್ಲು, ಮತ್ತೆ ಚಾರ್ಜ್ ಮಾಡುವಂಥವು. ಮೂರೂ ಸೇರಿ ಸುಮಾರು ಎರಡೂವರೆ ವ್ಯಾಟ್‌ಅವರ್. ಪರದೆ, ನೆನಪು ಎಲ್ಲ ಮರೆತು ಚಿಪ್ಪೊಂದನ್ನೇ ಪೂರಾ ಓಡಿಸಿದರೂ ಆರು ಗಂಟೆ ಅಷ್ಟೇ. ಲಿಥಿಯಂ ಹಾಕಿದ್ದರೆ ಅದೇ ಜಾಗದಲ್ಲಿ ಹೆಚ್ಚು ಶಕ್ತಿ ಸಿಗುತ್ತಿತ್ತು. ಆದರೆ ಈ ಸೆಲ್ಲು ಕೆಟ್ಟರೆ ಡೆಂಕಣಿಕೋಟೆಯ ಸಂತೆಯಲ್ಲೂ ಅದೇ ಅಳತೆಯದ್ದು ಸಿಗುತ್ತದೆ ಎಂಬುದು ಈ ಆಯ್ಕೆಯ ಹೆಚ್ಚುಗಾರಿಕೆ. ಪರದೆ ಕಪ್ಪುಬಿಳುಪು, 320ಕ್ಕೆ 240 ಚುಕ್ಕಿ. ಬಣ್ಣವಿಲ್ಲ ಅಂತ ಮೂಗು ಮುರಿದವರಿದ್ದರು. ಆದರೆ ಇಂಥ ಪರದೆ ಬಿಸಿಲಿನ ಬೆಳಕನ್ನೇ ಹಿಂದಕ್ಕೆ ಎಸೆದು ಅಕ್ಷರ ತೋರಿಸುತ್ತದೆ. ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತು ಫೋನಿನ ಪರದೆಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಬ್ಯಾಟರಿಯ ಜಿಪುಣತನ ನಮ್ಮೂರಿಗೆ ಹೊಸದಲ್ಲ. ಹೊಸೂರಿನ ಟೈಟನ್ ಕಾರ್ಖಾನೆಯವರು 2002ರಲ್ಲಿ ಎಡ್ಜ್ ಎಂಬ ಕೈಗಡಿಯಾರ ಹೊರತಂದರು. ಕೇಸು ಸೇರಿ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರಭಾಗ ಬರೀ 1.15. ಅಷ್ಟು ತೆಳ್ಳನೆಯದರಲ್ಲಿ ಸೆಲ್ಲು ಇನ್ನೆಷ್ಟು ಚಿಕ್ಕದಿರಬೇಕು ನೋಡಿ. ಕ್ವಾರ್ಟ್ಸ್ ಗಡಿಯಾರ ಬದುಕುವುದು ಒಂದು ಮೈಕ್ರೊಆಂಪಿಯರ್ ಆಸುಪಾಸಿನಲ್ಲಿ, ಆದ್ದರಿಂದ ಗುಂಡಿಯಷ್ಟು ಸೆಲ್ಲಿನಲ್ಲಿ ವರ್ಷಗಟ್ಟಲೆ ಓಡುತ್ತದೆ. ಅದಕ್ಕೆ ಹೋಲಿಸಿದರೆ ಸಿಂಪ್ಯೂಟರಿನ ಚಿಪ್ಪು ಎರಡು ಲಕ್ಷ ಪಟ್ಟಿಗೂ ಹೆಚ್ಚು ಹಸಿದದ್ದು. ಗಡಿಯಾರಕ್ಕೆ ಒಂದೇ ಕೆಲಸ, ಕಂಪ್ಯೂಟರಿಗೆ ಏನು ಹೇಳಿದರೂ ಮಾಡುವ ಕೆಲಸ. ಹಸಿವಿನ ವ್ಯತ್ಯಾಸ ಬರುವುದು ಅಲ್ಲಿಂದ.

ಸಿಂಪ್ಯೂಟರಿಗೆ ಕೀಲಿಮಣೆ ಇರಲಿಲ್ಲ. ಅದರ ಬದಲು ಕಡ್ಡಿಯಿಂದ ಒತ್ತುವ ಪರದೆ. ಆ ಕಾಲದ ಒತ್ತುಪರದೆಯಲ್ಲಿ ಎರಡು ತೆಳು ಹಾಳೆಗಳು, ನಡುವೆ ಕೂದಲಷ್ಟು ಸಂದು. ಒತ್ತಿದ ಕಡೆ ಎರಡೂ ಮುಟ್ಟುತ್ತವೆ, ಎಲ್ಲಿ ಮುಟ್ಟಿದವು ಎಂಬುದನ್ನು ವೋಲ್ಟೇಜಿನ ಪಾಲು ನೋಡಿ ಯಂತ್ರ ಕಂಡುಕೊಳ್ಳುತ್ತದೆ. ಈಗಿನ ಫೋನಿನ ಗಾಜು ನಮ್ಮ ಚರ್ಮದಲ್ಲಿನ ವಿದ್ಯುತ್ತಿನ ಗುಣವನ್ನು ನೋಡುತ್ತದೆ, ಎರಡು ಬೆರಳಿಟ್ಟರೂ ತಿಳಿಯುತ್ತದೆ, ತುಂಬಾ ನಯ. ಆದರೆ ಬಾಗಲೂರಿನ ಕಡೆ ಗುಲಾಬಿ ಕೊಯ್ಯುವವರ ಕೈ ನೋಡಿದ್ದೀರಾ? ಮುಳ್ಳಿಗೆ ಅಂತ ಕೈಗವಸು ಹಾಕಿರುತ್ತಾರೆ, ಹಾಕದವರ ಬೆರಳ ತುದಿ ಒಣಗಿ ಜಡ್ಡುಗಟ್ಟಿರುತ್ತದೆ. ಆ ಬೆರಳನ್ನು ಗಾಜು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಹಳೆಯ ಎರಡು ಹಾಳೆಯ ಪರದೆಗೆ ಕೈಗವಸಾಗಲಿ, ಉಗುರಾಗಲಿ, ಕಡ್ಡಿಯಾಗಲಿ ಎಲ್ಲವೂ ಒಂದೇ. ದುಡಿಯುವ ಕೈಗೆ ಅದೇ ಒಳ್ಳೆಯದಿತ್ತು ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಂಪ್ಯೂಟರಿನ ದನಿ. ಬರೆದದ್ದನ್ನು ಓದಿ ಹೇಳಲು ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ಮಾಡಿದರು. ಆ ಸ್ಟ್ರಾಂಗ್‌ಆರ್ಮ್ ಚಿಪ್ಪಿನಲ್ಲಿ ದಶಾಂಶದ ಲೆಕ್ಕಕ್ಕೆ ಪ್ರತ್ಯೇಕ ಘಟಕವೇ ಇರಲಿಲ್ಲ. ಮನುಷ್ಯನ ದನಿಯನ್ನು ಬುಡದಿಂದ ಲೆಕ್ಕಹಾಕಿ ಹುಟ್ಟಿಸುವುದು ಅದಕ್ಕೆ ಭಾರ. ಅದರ ಬದಲು ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಹೂವಿನಂತೆ ಪೋಣಿಸುವ ದಾರಿ ಹಗುರ. ತುಣುಕನ್ನು ಎಲ್ಲಿ ಕತ್ತರಿಸಬೇಕು ಎಂಬುದೇ ಇದರಲ್ಲಿನ ಜಾಣ್ಮೆ. 'ಮನೆ' ಎನ್ನುವಾಗ ಮಕಾರದಿಂದ ಅಕಾರಕ್ಕೆ ಬಾಯಿ ಜಾರುವ ಗಳಿಗೆ ಇದೆಯಲ್ಲ, ಅದು ಬಲು ಸೂಕ್ಷ್ಮ. ಅಲ್ಲಿ ಕತ್ತರಿ ಹಾಕಿದರೆ ಕಟಕಟ ಸದ್ದು ಬರುತ್ತದೆ. ಸ್ವರ ಸ್ಥಿರವಾಗಿ ನಿಂತ ನಡುಭಾಗದಲ್ಲಿ ಕತ್ತರಿಸಿ ಅಲ್ಲೇ ಅಂಟಿಸಿದರೆ ಕಿವಿಗೆ ಗೊತ್ತಾಗುವುದಿಲ್ಲ.

ಇಲ್ಲಿ ಕನ್ನಡ ಲಿಪಿಯೂ ಕೈಹಿಡಿಯುತ್ತದೆ. ಬರೆದ ಹಾಗೆ ಓದುವ ಲಿಪಿ ನಮ್ಮದು, ಹೆಚ್ಚು ನಿಯಮ ಬೇಕಿಲ್ಲ. ಹಿಂದಿಯಲ್ಲಿ 'ರಾಮ' ಎಂದು ಬರೆದು 'ರಾಮ್' ಎನ್ನುತ್ತಾರೆ, ಯಾವ ಅಕಾರ ನುಂಗಬೇಕು ಎಂದು ಯಂತ್ರಕ್ಕೆ ಕಲಿಸಬೇಕು. ನಮ್ಮ ಪಕ್ಕದ ತಮಿಳಿನಲ್ಲಿ ಬೇರೆಯೇ ಪೇಚು: ಕಲ್, ತಂಗಂ, ಮಗನ್ ಮೂರರಲ್ಲೂ ಬಳಸುವ ಅಕ್ಷರ ಒಂದೇ. ಅದು ಪದದ ಮೊದಲಲ್ಲಿದ್ದರೆ ಕ, ಅನುನಾಸಿಕದ ನಂತರ ಗ, ಎರಡು ಸ್ವರಗಳ ನಡುವೆ ಇನ್ನಷ್ಟು ಮೆತ್ತಗೆ. ಹೊಸೂರಿನ ಮಕ್ಕಳು ಎರಡೂ ಲಿಪಿಯ ಬೋರ್ಡು ಓದುತ್ತಾ ಇದನ್ನು ತಾವಾಗಿಯೇ ಕಲಿಯುತ್ತಾರೆ. ಯಂತ್ರಕ್ಕಾದರೆ ಒಂದೊಂದೇ ನಿಯಮ ಬರೆದುಕೊಡಬೇಕು.

ಇನ್ನೊಂದು ಆಯ್ಕೆ ಸ್ಮಾರ್ಟ್‌ಕಾರ್ಡಿನದು. ಒಂಬತ್ತು ಸಾವಿರ ಕೊಟ್ಟು ಒಬ್ಬ ಕೂಲಿಯಾಳು ಕಂಪ್ಯೂಟರ್ ಕೊಳ್ಳಲಾರ ಎಂದು ಟ್ರಸ್ಟಿನವರಿಗೆ ಗೊತ್ತಿತ್ತು. ಯಂತ್ರ ಊರಿಗೆಲ್ಲ ಒಂದು, ಕಾರ್ಡು ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಕಂಪ್ಯೂಟರು, ತೆಗೆದರೆ ಮುಂದಿನವರದು. ಇದು ಕೈಗೂಡಲಿಲ್ಲ ಎನ್ನುವವರು ನಮ್ಮ ರೇಷನ್ ಅಂಗಡಿಗೆ ಬರಲಿ. ತಮಿಳುನಾಡಿನಲ್ಲಿ 2017ರಿಂದ ಹಳೆಯ ಪುಸ್ತಕ ಹೋಗಿ ಅಂಗೈಯಗಲದ ಕಾರ್ಡು ಬಂತು. ಅಂಗಡಿಯವನ ಕೈಯಲ್ಲಿ ಒಂದೇ ಮಿಷನ್, ಸಾಲಿನಲ್ಲಿ ನಿಂತ ಒಂದೊಂದು ಮನೆಗೆ ಒಂದೊಂದು ಕಾರ್ಡು. ತೂರಿಸುವ ಬದಲು ಮೇಲಿನ ಚೌಕುಳಿ ಗುರುತನ್ನು ತೋರಿಸಬೇಕು.

ಹಾಗಾದರೆ ಸಿಂಪ್ಯೂಟರ್ ಎಲ್ಲಿ ಎಡವಿತು? 2004ರಲ್ಲಿ ಪಿಕೊಪೆಟಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ 'ಅಮಿಡಾ' ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಷ್ಟು ಹಿಂದೆಯೇ ಅದರಲ್ಲಿ ಅಲುಗಾಟ ಅರಿಯುವ ಸಂವೇದಕ ಇತ್ತು, ಕೈ ಓಲಿಸಿದರೆ ಪುಟ ತಿರುಗುತ್ತಿತ್ತು. ಬೆಲೆ ಮಾತ್ರ ಹತ್ತು ಸಾವಿರದ ಹತ್ತಿರದಿಂದ ಶುರುವಾಗಿ ಬಣ್ಣದ ಪರದೆಯದಕ್ಕೆ ಅದರ ಎರಡರಷ್ಟಾಯಿತು. ಮಾರಾಟವಾದದ್ದು ಕೆಲವೇ ಸಾವಿರ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಅಚ್ಚಿನ ಕೆಲಸ ಮಾಡುವವರನ್ನು ಕೇಳಿದರೆ ಇದರ ಗುಟ್ಟು ಬಿಡಿಸಿ ಹೇಳುತ್ತಾರೆ. ಹೊರಕವಚದ ಅಚ್ಚಿಗೆ ಹತ್ತು ಲಕ್ಷ ಬಿತ್ತು ಎಂದಿಟ್ಟುಕೊಳ್ಳಿ. ನಾಲ್ಕು ಸಾವಿರ ಯಂತ್ರಕ್ಕೆ ಹಂಚಿದರೆ ತಲಾ 250 ರೂಪಾಯಿ, ನಾಲ್ಕು ಲಕ್ಷಕ್ಕೆ ಹಂಚಿದರೆ ಎರಡೂವರೆ. ಚಿಪ್ಪು, ಪರದೆ, ಬೋರ್ಡು ಎಲ್ಲಕ್ಕೂ ಇದೇ ಲೆಕ್ಕ. ಅಗ್ಗವಾಗಬೇಕಾದರೆ ಬಹಳ ಮಾರಬೇಕು, ಬಹಳ ಮಾರಬೇಕಾದರೆ ಮೊದಲು ಅಗ್ಗವಾಗಬೇಕು. ಇವತ್ತು ಇದೇ ಕೃಷ್ಣಗಿರಿ ಜಿಲ್ಲೆಯ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಐಫೋನಿನ ಕವಚಗಳು ಆಗುತ್ತಿವೆ. ಅಷ್ಟು ದೊಡ್ಡ ಮಾರುಕಟ್ಟೆ ಬೆನ್ನಿಗಿದ್ದರೆ ಅಚ್ಚಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಂತು. 2003ರಲ್ಲಿ ನೋಕಿಯಾ 1100 ಬಂತು. ದೂಳು ಹೋಗದ ರಬ್ಬರ್ ಗುಂಡಿಗಳು, ತಲೆಯಲ್ಲಿ ಟಾರ್ಚು, ಮತ್ತೇನಿಲ್ಲ. ಲೋಕದಾದ್ಯಂತ 25 ಕೋಟಿ ಮಾರಾಟವಾಯಿತು. ಓದು ಬಾರದವರಿಗೆ ಯಂತ್ರ ಓದಿ ಹೇಳಲಿ ಎಂದು ಬೆಂಗಳೂರಿನವರು ಹಗಲಿರುಳು ದುಡಿಯುತ್ತಿದ್ದಾಗ, ಆ ಫೋನು ಬರೀ ಇನ್ನೊಬ್ಬ ಮನುಷ್ಯನ ದನಿಯನ್ನು ಕಿವಿಗೆ ತಂದುಕೊಟ್ಟಿತು. ಟೊಮ್ಯಾಟೊ ದರ ತಿಳಿಯಲು ಮಂಡಿಯವನಿಗೇ ಫೋನ್ ಮಾಡಿದರೆ ಮುಗಿಯಿತು. ಸಿಂಪ್ಯೂಟರಿನ ಮಾದರಿ ಯಂತ್ರದಲ್ಲಿ ಟೆಲಿಫೋನ್ ತಂತಿಗೆ ಸಿಕ್ಕಿಸುವ ಮೋಡೆಮ್ ಇತ್ತು. ಸಿಮ್ ಹಾಕುವ ಜಾಗ ಇರಲಿಲ್ಲ. ಬಿಟ್ಟ ವಸ್ತುಗಳಲ್ಲಿ ಕೊನೆಗೆ ದುಬಾರಿಯಾಗಿ ಬಿದ್ದದ್ದು ಅದೇ ಎಂದು ನನ್ನ ಎಣಿಕೆ.

ಆದರೆ ಸಿಂಪ್ಯೂಟರಿನ ಆ ದನಿ ಪೂರಾ ಕಳೆದುಹೋಯಿತು ಎಂದು ನನಗನ್ನಿಸುವುದಿಲ್ಲ. ಟಿಕೆಟ್ ಮಿಷನ್ ನೋಡಿದ ಸಂಜೆ ಹೂವು ಕೊಳ್ಳಲು ಮಾರುಕಟ್ಟೆಗೆ ಹೋದೆ. ನಾನು ಯಾವಾಗಲೂ ಕೊಳ್ಳುವ ಅಜ್ಜಿಯ ಬುಟ್ಟಿಯ ಪಕ್ಕದಲ್ಲಿ, ಹಣ ಬಂದರೆ ಕೂಗಿ ಹೇಳುವ ಪುಟ್ಟ ಡಬ್ಬಿ ಕೂತಿದೆ. ಪರದೆ ಇಲ್ಲ, ಕೀಲಿ ಇಲ್ಲ, ಒಳಗೊಂದು ಸಿಮ್ಮು, ಒಂದು ಸ್ಪೀಕರು, ಒಂದು ಬ್ಯಾಟರಿ. ಅಜ್ಜಿಗೆ ಅಕ್ಷರ ಬಾರದು. ಬೇಕಾದ ಭಾಷೆ ಹಾಕಿಕೊಳ್ಳಬಹುದು ಅಂದಾಗ, ಗಿರಾಕಿಗಳೆಲ್ಲ ತಮಿಳಿನವರಲ್ವಾ ತಮಿಳೇ ಇರಲಿ ಅಂತ ಮಗ ಹೇಳಿದನಂತೆ. "ದುಡ್ಡು ನಂದಲ್ಲೇನಪ್ಪಾ, ನಂಗೆ ತಿಳೀಬೇಕು" ಅಂತ ಅಜ್ಜಿ ಕನ್ನಡವನ್ನೇ ಹಾಕಿಸಿಕೊಂಡಿದ್ದಾರೆ. ನಾನು ಫೋನು ತೋರಿಸಿದೆ. ಡಬ್ಬಿ ಒಂದು ಗಳಿಗೆ ಸುಮ್ಮನಿದ್ದು ನಲವತ್ತು ರೂಪಾಯಿ ಎಂದಿತು. ಎರಡೂ ಕೈ ಮಲ್ಲಿಗೆ ಕಟ್ಟುತ್ತಿದ್ದವು, ಅಜ್ಜಿ ತಲೆ ಎತ್ತಲಿಲ್ಲ. "ಬಂತು ಹೋಗಪ್ಪ" ಅಂದರು.