ಹೊನ್ನಾವರದ ‘ಹೊ’ ಮತ್ತು ಜಾವಾ ಲೈಬ್ರರಿಗಳ ವೇಳಾಪಟ್ಟಿ

ಉತ್ತರ ಕನ್ನಡ ಕರಾವಳಿಯ ಮೂರು ಊರುಗಳ ಹೆಸರನ್ನು ಜಾವಾ ಭಾಷೆಯ ಪುಟ್ಟ ಪ್ರೋಗ್ರಾಮೊಂದಕ್ಕೆ ಕೊಟ್ಟು, ಒಂದೊಂದರ ಉದ್ದ ಎಷ್ಟೆಂದು ಕೇಳಿ ನೋಡಿ. ಭಟ್ಕಳಕ್ಕೆ 5, ಕುಮಟಾಕ್ಕೆ 5, ಹೊನ್ನಾವರಕ್ಕೆ 8 ಎಂಬ ಉತ್ತರ ಬರುತ್ತದೆ. ನಮ್ಮ ಎಣಿಕೆಯಲ್ಲಿ ಅವು ಮೂರು, ಮೂರು ಮತ್ತು ನಾಲ್ಕು ಅಕ್ಷರಗಳು. ಜಾವಾ ತಪ್ಪು ಲೆಕ್ಕ ಹಾಕಿಲ್ಲ. ಅದು ಎಣಿಸಿದ್ದು ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ನ್ನಾ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿನ ನೆನಪಿನಲ್ಲಿ ಅದು ನ, ಹಲಂತ, ಮತ್ತೊಂದು ನ, ಆಮೇಲೆ ದೀರ್ಘದ ಚಿಹ್ನೆ ಎಂದು ನಾಲ್ಕು ಸಂಕೇತಗಳ ಸಾಲು.

ಹೊನ್ನಾವರದ ‘ಹೊ’ ಇನ್ನೂ ಸೂಕ್ಷ್ಮ. ಅದನ್ನು ‘ಹ’ದ ಮುಂದೆ ಒಕಾರದ ಒಂದೇ ಚಿಹ್ನೆ ಇಟ್ಟು ಬರೆಯಬಹುದು; ಎಕಾರದ ಚಿಹ್ನೆ, ಅದರ ಹಿಂದೆಯೇ ಊಕಾರದ ಚಿಹ್ನೆ ಹೀಗೆ ಎರಡನ್ನು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬೇಕು. ಎರಡೂ ಸಮಾನ ಎಂಬುದು ಯೂನಿಕೋಡ್ ನಿಯಮ. ಆದರೆ ಎರಡನೆಯ ಬಗೆಯಲ್ಲಿ ಹೊನ್ನಾವರದ ಉದ್ದ 9. ಎರಡೂ ಹೆಸರು ಒಂದೇ ತಾನೇ ಎಂದು ಜಾವಾವನ್ನು ನೇರವಾಗಿ ಕೇಳಿದರೆ ‘ಅಲ್ಲ’ ಎನ್ನುತ್ತದೆ. ಊರಿನ ಹೆಸರಿನಿಂದ ದಾಖಲೆ ಹುಡುಕುವ ತಂತ್ರಾಂಶದಲ್ಲಿ ಈ ‘ಅಲ್ಲ’ ಎಂದರೆ ದಾಖಲೆ ಇದ್ದೂ ಸಿಗದು. ಇದಕ್ಕೆ ಮದ್ದು ಹಳೆಯದೇ. ಎರಡೂ ಬರವಣಿಗೆಯನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ 2006ರ ಜಾವಾ 6ರಿಂದಲೂ ಅದರ ಜೊತೆಗೇ ಬರುತ್ತಿದೆ. ಹೋಲಿಸುವ ಮೊದಲು ಅದನ್ನು ಕರೆಯಬೇಕು, ಅಷ್ಟೆ.

ಈ ಸೌಲಭ್ಯವನ್ನು ಬರೆದವರು ಯಾರು? ಇಷ್ಟು ವರ್ಷ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡು ಬಂದವರು ಯಾರು?

ಒಂದರ ಮೇಲೊಂದು ನಿಂತ ಕೆಲಸ

ಇಂದು ಯಾವ ತಂತ್ರಾಂಶವನ್ನೂ ಯಾರೂ ಮೊದಲ ಸಾಲಿನಿಂದ ಬರೆಯುವುದಿಲ್ಲ. ದಿನಾಂಕ ತೋರಿಸಲು, ಲಾಗ್ ಬರೆಯಲು, ಡೇಟಾಬೇಸ್ ಜೊತೆ ಮಾತಾಡಲು ಬೇರೆಯವರು ಬರೆದು ಎಲ್ಲರಿಗೂ ತೆರೆದಿಟ್ಟ ಲೈಬ್ರರಿಗಳನ್ನು ಬಳಸುತ್ತಾರೆ. ಆ ಲೈಬ್ರರಿಗಳು ಇನ್ನಷ್ಟು ಲೈಬ್ರರಿಗಳನ್ನು ನೆಚ್ಚಿರುತ್ತವೆ. ನಾವು ಹತ್ತನ್ನು ಕೇಳಿದರೆ ಅವುಗಳ ಬೆನ್ನಿಗೆ ನೂರಾರು ಬರುವುದುಂಟು.

ಕನ್ನಡದ ಮಟ್ಟಿಗೆ ಈ ಸಾಲು ಹೀಗಿದೆ. ಅಕ್ಷರಗಳ ಸಂಕೇತ ಮತ್ತು ನಿಯಮಗಳನ್ನು ಗೊತ್ತುಮಾಡುವುದು ಯೂನಿಕೋಡ್ ಒಕ್ಕೂಟ. ತಿಂಗಳು, ವಾರ, ಹಣ, ಅಂಕಿಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂಬ ಮಾಹಿತಿ ಅದೇ ಒಕ್ಕೂಟದ ‘ಸಿಎಲ್‌ಡಿಆರ್’ ಭಂಡಾರದಲ್ಲಿದೆ. ಮೊಬೈಲಿನಲ್ಲಿ ‘ಪೂರ್ವಾಹ್ನ’, ‘ಅಪರಾಹ್ನ’ ಎಂದು ಕಾಣುವುದು ಅಲ್ಲಿಂದ ಬಂದದ್ದು. ಇವೆರಡನ್ನೂ ಪ್ರೋಗ್ರಾಮುಗಳಿಗೆ ಒದಗಿಸುವ ಲೈಬ್ರರಿ ‘ಐಸಿಯು’. ಐಬಿಎಂ 1999ರಲ್ಲಿ ಅದರ ಕೋಡನ್ನು ಮುಕ್ತವಾಗಿ ಬಿಡುಗಡೆ ಮಾಡಿತು, 2016ರಲ್ಲಿ ಅದು ಯೂನಿಕೋಡ್ ಒಕ್ಕೂಟಕ್ಕೆ ಸೇರಿತು. ಇನ್ನು ಜಾವಾವನ್ನೇ ಕಟ್ಟುವ ‘ಓಪನ್‌ಜೆಡಿಕೆ’ ಯೋಜನೆಯಿದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸಲು ಅದು ಜಾವಾ 9ರಿಂದ ‘ಹಾರ್ಫ್‌ಬಜ್’ ಎಂಬ ಮತ್ತೊಂದು ಮುಕ್ತ ಲೈಬ್ರರಿಯನ್ನು ನೆಚ್ಚಿಕೊಂಡಿದೆ.

ಐದು ಹೆಸರು, ಬೇರೆ ಬೇರೆ ತಂಡ, ಬೇರೆ ಬೇರೆ ವೇಳಾಪಟ್ಟಿ. ಇವರೆಲ್ಲರ ಮೇಲೆ ನಿಂತು ಅಪ್ಪಣೆ ಕೊಡುವವರು ಯಾರೂ ಇಲ್ಲ.

ರೈಲು ಕಾಯುವುದಿಲ್ಲ

ಮೊದಲೆಲ್ಲ ಜಾವಾದ ಹೊಸ ಆವೃತ್ತಿಗೆ ಮೂರು ನಾಲ್ಕು ವರ್ಷ ಕಾಯಬೇಕಿತ್ತು. ಒಂದು ದೊಡ್ಡ ಕೆಲಸ ತಡವಾದರೆ ಉಳಿದದ್ದೆಲ್ಲವೂ ತಡ. 2018ರ ಮಾರ್ಚಿನಲ್ಲಿ ಬಂದ ಜಾವಾ 10ರಿಂದ ಪದ್ಧತಿ ಬದಲಾಯಿತು. ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬಿಡುಗಡೆ. ಮುಗಿದ ಕೆಲಸ ಅದರಲ್ಲಿ ಹೋಗುತ್ತದೆ, ಮುಗಿಯದ್ದು ಆರು ತಿಂಗಳ ನಂತರದ್ದಕ್ಕೆ. ಮಡಗಾಂವ್ ಕಡೆಯ ರೈಲು ಭಟ್ಕಳ, ಹೊನ್ನಾವರ, ಕುಮಟಾ ನಿಲ್ದಾಣಗಳಲ್ಲಿ ತನ್ನ ಹೊತ್ತಿಗೆ ಹೊರಡುತ್ತದೆ. ತಡವಾಗಿ ಬಂದವರು ಮುಂದಿನ ರೈಲು ಹಿಡಿಯಬೇಕು. ಇದೂ ಹಾಗೆಯೇ. ತಾರೀಕು ಮೊದಲೇ ಗೊತ್ತಿರುವುದರಿಂದ ಜಾವಾವನ್ನು ನೆಚ್ಚಿದ ಲೈಬ್ರರಿಗಳೂ ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಆದರೆ ಬ್ಯಾಂಕುಗಳೂ ಸರ್ಕಾರಿ ಇಲಾಖೆಗಳೂ ಆರು ತಿಂಗಳಿಗೊಮ್ಮೆ ಬದಲಾಗಲಾರವು. ಅವರಿಗಾಗಿ ಕೆಲವು ಆವೃತ್ತಿಗಳನ್ನು ಆರಿಸಿ, ಹಲವು ವರ್ಷ ದುರಸ್ತಿ ಮಾಡುತ್ತ ಹೋಗುತ್ತಾರೆ. ಇವು ‘ಎಲ್‌ಟಿಎಸ್’ ಆವೃತ್ತಿಗಳು. 2021ರ ಜಾವಾ 17, 2023ರ 21, 2025ರ 25 ಈ ಬಗೆಯವು. ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ‘ಮೊಸಿಪ್’, ದೇಶಗಳು ತಮ್ಮ ಪ್ರಜೆಗಳಿಗೆ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ನೆರವಾಗುವ ಮುಕ್ತ ತಂತ್ರಾಂಶ. ಬಹುಪಾಲು ಜಾವಾದಲ್ಲೇ ಇದೆ. ಫಿಲಿಪ್ಪೀನ್ಸ್, ಮೊರಾಕ್ಕೊದಂಥ ದೇಶಗಳು ಅದನ್ನು ಬಳಸಿಕೊಂಡಿವೆ. ಕೋಟಿಗಟ್ಟಲೆ ಜನರ ಗುರುತು ನಿಂತಿರುವ ಕಡೆ ತಳದ ಲೈಬ್ರರಿಗಳನ್ನು ಮನಬಂದಂತೆ ಬದಲಿಸುವಂತಿಲ್ಲ. ಹಾಗಂತ ಬದಲಿಸದೆ ಬಿಡುವಂತೆಯೂ ಇಲ್ಲ.

ಒಂದು ಖಾಲಿ ಜಾಗದ ರಾದ್ಧಾಂತ

ಬದಲಾವಣೆ ಎಷ್ಟೇ ಚಿಕ್ಕದಾದರೂ ಕೆಳಗಿನಿಂದ ಮೇಲಕ್ಕೆ ಹಬ್ಬುತ್ತದೆ. 2022ರ ಅಕ್ಟೋಬರಿನ ಸಿಎಲ್‌ಡಿಆರ್ 42ರಲ್ಲಿ ಇಂಗ್ಲಿಷ್ ಸಮಯದ ‘ಎಎಂ’, ‘ಪಿಎಂ’ಗಳ ಹಿಂದಿನ ಸಾಮಾನ್ಯ ಖಾಲಿ ಜಾಗವನ್ನು ತೆಗೆದು, ಸಾಲು ಮುರಿಯದಂತೆ ತಡೆಯುವ ಕಿರಿದಾದ ಖಾಲಿ ಜಾಗವನ್ನು ಇಟ್ಟರು. ಅಚ್ಚಿನ ಅಂದದ ದೃಷ್ಟಿಯಿಂದ ಅದು ಸರಿಯೇ. 2023ರ ಮಾರ್ಚಿನ ಜಾವಾ 20 ಅದನ್ನು ಸೇರಿಸಿಕೊಂಡಿತು. ಅಲ್ಲಿಯವರೆಗೆ ಸಮಯವನ್ನು ತಪ್ಪಿಲ್ಲದೆ ಓದುತ್ತಿದ್ದ ಎಷ್ಟೋ ಪ್ರೋಗ್ರಾಮುಗಳು ಜಾವಾ ಬದಲಿಸಿದೊಡನೆ ನಿಂತುಹೋದವು. ಕಣ್ಣಿಗೆ ವ್ಯತ್ಯಾಸವೇ ಕಾಣದು. ಸಂಕೇತ ಮಾತ್ರ ಬೇರೆ. ಕೊನೆಗೆ 2024ರ ಸೆಪ್ಟೆಂಬರಿನ ಜಾವಾ 23ರಲ್ಲಿ, ಓದುವಾಗ ಎರಡೂ ಬಗೆಯ ಖಾಲಿ ಜಾಗಗಳನ್ನು ಒಪ್ಪುವ ಸಡಿಲಿಕೆ ಬಂತು.

ಇಂಥ ಪೆಟ್ಟನ್ನು ಮೊದಲೇ ತಿಳಿಸಲು ಲೈಬ್ರರಿಗಳು ಮೂರು ಅಂಕಿಯ ಆವೃತ್ತಿ ಸಂಖ್ಯೆ ಬಳಸುತ್ತವೆ. ಕೊನೆಯ ಅಂಕಿ ಬದಲಾದರೆ ದುರಸ್ತಿ ಮಾತ್ರ. ನಡುವಿನದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಹಳೆಯ ಕೋಡ್ ಕೆಡದು. ಮೊದಲಿನದು ಬದಲಾದರೆ ನಿಮ್ಮ ಕೋಡ್ ತಿದ್ದಬೇಕಾದೀತು. ಇದು ಕಾನೂನಲ್ಲ, ಕೊಟ್ಟ ಮಾತು. ಇನ್ನೊಂದು ಕಟ್ಟುನಿಟ್ಟೂ ಇದೆ. ಜಾವಾ ಲೈಬ್ರರಿಗಳ ಸಾರ್ವಜನಿಕ ಉಗ್ರಾಣವಾದ ‘ಮೇವನ್ ಸೆಂಟ್ರಲ್’ಗೆ ಏರಿಸಿದ ಆವೃತ್ತಿಯನ್ನು ಮತ್ತೆ ತಿದ್ದುವಂತಿಲ್ಲ. ತಪ್ಪು ಸಿಕ್ಕರೆ ಹೊಸ ಸಂಖ್ಯೆಯಲ್ಲಿ ಹೊಸ ಬಿಡುಗಡೆಯೇ ಆಗಬೇಕು. ಇಂದು ಇಳಿಸಿಕೊಂಡದ್ದೂ ಐದು ವರ್ಷದ ನಂತರ ಇಳಿಸಿಕೊಳ್ಳುವುದೂ ಒಂದೇ ಆಗಿರಲಿ ಎಂಬುದೇ ಇದರ ಉದ್ದೇಶ.

ಒಂದೇ ತಿಂಗಳಲ್ಲಿ ನಾಲ್ಕು ಬಿಡುಗಡೆ

ನಿರ್ವಹಣೆಯ ಭಾರ ಯಾರ ಹೆಗಲ ಮೇಲಿದೆ ಎಂಬುದು ಲೋಕಕ್ಕೆ ಗೊತ್ತಾದದ್ದು 2021ರ ಡಿಸೆಂಬರಿನಲ್ಲಿ. ಅಪಾಚೆ ಪ್ರತಿಷ್ಠಾನದ ‘ಲಾಗ್‌ಫೋರ್‌ಜೆ’ ಲೈಬ್ರರಿಯ ಕೆಲಸ, ತಂತ್ರಾಂಶ ಏನೇನು ಮಾಡಿತೆಂದು ದಾಖಲೆ ಬರೆದಿಡುವುದು. 2013ರಲ್ಲಿ ಸೇರಿದ್ದ ಒಂದು ಸೌಲಭ್ಯದಿಂದಾಗಿ, ಕಿಡಿಗೇಡಿಯೊಬ್ಬ ಕಳಿಸಿದ ಒಂದು ಸಾಲು ಲಾಗಿನಲ್ಲಿ ಬಿದ್ದರೆ ಸಾಕು, ಅವನ ಕೋಡ್ ನಮ್ಮ ಸರ್ವರಿನಲ್ಲಿ ಓಡಬಹುದಿತ್ತು. ಅಪಾಯದ ಅಳತೆಗೋಲಿನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತಕ್ಕೆ ಹತ್ತು.

ಲೋಕವೆಲ್ಲ ನೆಚ್ಚಿದ್ದ ಆ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಯಂಸೇವಕರ ಒಂದು ಸಣ್ಣ ತಂಡ. ಅವರು ಆ ತಿಂಗಳು ಮುಗಿಯುವಷ್ಟರಲ್ಲಿ 2.15.0, 2.16.0, 2.17.0, 2.17.1 ಹೀಗೆ ನಾಲ್ಕು ಬಿಡುಗಡೆ ಮಾಡಿದರು. ಹಳೆಯ ಜಾವಾ 6 ಮತ್ತು 7ರಲ್ಲೇ ಉಳಿದವರಿಗಾಗಿ ಬೇರೆ ದುರಸ್ತಿಗಳನ್ನೂ ಕೊಟ್ಟರು. ಅಪಾಚೆ ನಿಯಮದಂತೆ ಒಂದು ಬಿಡುಗಡೆಗೆ ಯೋಜನಾ ಸಮಿತಿಯ ಕನಿಷ್ಠ ಮೂವರ ಒಪ್ಪಿಗೆ ಮತ ಬೇಕು. ಅದಕ್ಕೆ ಸಾಮಾನ್ಯವಾಗಿ 72 ಗಂಟೆ ಸಮಯವಿರುತ್ತದೆ. ಕಡತಗಳಿಗೆ ಡಿಜಿಟಲ್ ಸಹಿಯೂ ಬೇಕು. ಬಳಕೆದಾರರ ಪಾಡು ಇನ್ನೂ ಕಷ್ಟದ್ದಾಗಿತ್ತು. ಲಾಗ್‌ಫೋರ್‌ಜೆ ತಮ್ಮಲ್ಲಿದೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಅದು ಲೈಬ್ರರಿಯೊಳಗಿನ ಲೈಬ್ರರಿಯೊಳಗೆ ಕೂತಿತ್ತು. ತಂತ್ರಾಂಶದ ಜೊತೆ ಅದರೊಳಗಿನ ಎಲ್ಲ ಭಾಗಗಳ ಪಟ್ಟಿಯನ್ನೂ ಕೊಡಬೇಕೆಂಬ ಒತ್ತಾಯ ಆಮೇಲೆ ಜೋರಾಯಿತು.

ನಮ್ಮ ಪಾಲಿನ ಕೆಲಸ

ಹೊನ್ನಾವರದ ‘ನ್ನಾ’ಕ್ಕೆ ಬರೋಣ. ಕರ್ಸರ್ ಎಲ್ಲಿ ನಿಲ್ಲಬೇಕು, ಹೆಸರನ್ನು ಎಲ್ಲಿ ಕತ್ತರಿಸಬಹುದು ಎಂಬುದಕ್ಕೆ ಯೂನಿಕೋಡಿನಲ್ಲಿ ಅಕ್ಷರ ಗುಂಪಿನ ನಿಯಮವಿದೆ. ಮೂಲ ನಿಯಮದಂತೆ ‘ನ್ನಾ’ ಎರಡಾಗಿ ಒಡೆಯುತ್ತದೆ: ‘ನ್’ ಮತ್ತು ‘ನಾ’. 2023ರ ಸೆಪ್ಟೆಂಬರಿನ ಯೂನಿಕೋಡ್ 15.1 ಒತ್ತಕ್ಷರಗಳನ್ನು ಒಡೆಯದೆ ಹಿಡಿದಿಡುವ ನಿಯಮ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿ ಸೇರಿದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ನಿಯಮ 2024ರ ಮಾರ್ಚಿನಲ್ಲಿ ಜಾವಾ 22ಕ್ಕೆ ಬಂತು. ಎಲ್‌ಟಿಎಸ್ ಆವೃತ್ತಿಗಳನ್ನಷ್ಟೇ ಬಳಸುವವರಿಗೆ ಅದು ಸಿಕ್ಕಿದ್ದು 2025ರ ಸೆಪ್ಟೆಂಬರಿನ ಜಾವಾ 25ರಲ್ಲಿ. ಎಲ್ಲೂ ಯಾರೂ ತಡಮಾಡದೆಯೂ ತಳದ ನಿಯಮವೊಂದು ಕಚೇರಿಯ ಮೇಜಿಗೆ ತಲುಪಲು ಎರಡು ವರ್ಷ ಹಿಡಿಯಿತು. ಇಂದು ನಾವು ಹೇಳದೆ ಬಿಟ್ಟ ಮಾತಿಗೆ ನಾಳೆ ಇಷ್ಟೇ ಕಾಲ ಕಾಯಬೇಕಾಗುತ್ತದೆ.

ಕನ್ನಡಕ್ಕೆ ಯಾವ ನಿಯಮ ಸರಿ ಎಂದು ಹೇಳಬೇಕಾದವರು ದಿನವೂ ಕನ್ನಡದಲ್ಲಿ ಟೈಪ್ ಮಾಡುವವರು, ಕನ್ನಡದಲ್ಲಿ ದಾಖಲೆ ಹುಡುಕುವವರು. ಈ ಯೋಜನೆಗಳ ಬಾಗಿಲು ಮುಚ್ಚಿಲ್ಲ. ಸಿಎಲ್‌ಡಿಆರ್ ಮಾಹಿತಿಗೆ ಆಯಾ ಭಾಷೆಯವರೇ ಮತ ಹಾಕುತ್ತಾರೆ. ಐಸಿಯು, ಓಪನ್‌ಜೆಡಿಕೆ, ಹಾರ್ಫ್‌ಬಜ್ ಮೂರೂ ದೋಷ ವರದಿಗಳನ್ನು ಬಹಿರಂಗವಾಗಿ ಸ್ವೀಕರಿಸುತ್ತವೆ.

ಭಟ್ಕಳದಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ, ಹೊನ್ನಾವರ ಕುಮಟಾಗಳ, ನಾಡಿನ ಯಾವುದೇ ಕಾಲೇಜಿನ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೊಸ ಆ್ಯಪ್ ಕಟ್ಟುವ ಬದಲು, ಇರುವ ಒಂದು ಲೈಬ್ರರಿಯನ್ನು ಆರಿಸಿಕೊಳ್ಳಿ. ನಿಮ್ಮ ಊರಿನ ಹೆಸರನ್ನು ಅದಕ್ಕೆ ಕೊಡಿ. ಉದ್ದ ಎಣಿಸಿ, ಹುಡುಕಿ, ಕತ್ತರಿಸಿ, ವಿಂಗಡಿಸಿ ನೋಡಿ. ತಪ್ಪು ಕಂಡರೆ ಅದನ್ನು ತೋರಿಸುವ ಚಿಕ್ಕ ಪರೀಕ್ಷೆ ಬರೆದು ಮೇಂಟೇನರ್‌ಗಳಿಗೆ ಕಳಿಸಿ. ಅದು ಒಪ್ಪಿಗೆಯಾದರೆ ಮುಂದಿನ ಪ್ರತಿ ಬಿಡುಗಡೆಯಲ್ಲೂ ಆ ಪರೀಕ್ಷೆ ಓಡುತ್ತದೆ, ಕನ್ನಡ ಕೆಟ್ಟರೆ ಬಿಡುಗಡೆಗೆ ಮೊದಲೇ ಗೊತ್ತಾಗುತ್ತದೆ.