ಸಾಲಕ್ಕೆ ಸಿಕ್ಕ ಕ್ಯಾಮೆರಾ

ಕಾಲೇಜು ನಾಟಕ ತಂಡದ ಫೋಟೊ ತೆಗೆಯುವವಳು ನಾನೇ. ‘ಒಳ್ಳೆ ಕ್ಯಾಮೆರಾ ಇದ್ದಿದ್ದರೆ...’ ಅಂತ ಗೊಣಗುವುದು ನನ್ನ ಚಾಳಿ. ನಿಮಾಯ್ ಘೋಷ್ ಬಗ್ಗೆ ಓದಿದ ಮೇಲೆ ಬಾಯಿ ಕಟ್ಟಿತು. ಕೋಲ್ಕತ್ತದ ಈ ರಂಗನಟನಿಗೆ ಕ್ಯಾಮೆರಾ ಸಿಕ್ಕಿದ್ದು ಗೆಳೆಯ ಕೊಡಬೇಕಿದ್ದ 240 ರೂಪಾಯಿ ಬದಲಿಗೆ. ಅದೂ ಯಾರೋ ಟ್ಯಾಕ್ಸಿಯಲ್ಲಿ ಬಿಟ್ಟುಹೋಗಿದ್ದು! ಅದನ್ನೇ ಹಿಡಿದು ‘ಗೂಪಿ ಗೈನ್ ಬಾಘಾ ಬೈನ್’ ಚಿತ್ರೀಕರಣಕ್ಕೆ ಹೋದವರು, 1992ರಲ್ಲಿ ಸತ್ಯಜಿತ್ ರೇ ತೀರಿಕೊಳ್ಳುವವರೆಗೂ ಅವರ ಬೆನ್ನಿಗಿದ್ದರು. ಫ್ಲ್ಯಾಷ್ ಇಲ್ಲ, ಇದ್ದ ಬೆಳಕೇ ಸಾಕು. ರೇ ಬರೆಯುವುದು, ನಟರಿಗೆ ಅಭಿನಯಿಸಿ ತೋರಿಸುವುದು, ಸುಮ್ಮನೆ ಯೋಚಿಸುತ್ತ ಕೂರುವುದು, ಎಲ್ಲವೂ ಈಗ ದೆಹಲಿ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಭದ್ರ.

ನಾನೋ, ಮೊಬೈಲ್‌ನಲ್ಲಿ ಜಾಗವಿಲ್ಲವೆಂದು ರಿಹರ್ಸಲ್ ಫೋಟೊಗಳನ್ನೆಲ್ಲ ಅಳಿಸಿದ್ದೆ. ನಾಟಕ ಕಲಿಸಿದ ಮೇಷ್ಟ್ರು ಮೊನ್ನೆ ನಿವೃತ್ತರಾದರು. ಬೀಳ್ಕೊಡುಗೆಗೆ ಹುಡುಕಿದರೆ ಅವರದೊಂದು ಫೋಟೊ ನನ್ನಲ್ಲಿಲ್ಲ.