ಎರಡನೆಯ ಹಾಳೆಯನ್ನು ತಡೆಯುವ ವಿದ್ಯೆ

ಜೆರಾಕ್ಸ್ ಅಂಗಡಿಯವರು ಹೊಸ ರೀಮ್ ಒಡೆದ ಕೂಡಲೇ ಅದನ್ನು ಹಾಗೇ ಟ್ರೇಗೆ ತುರುಕುವುದಿಲ್ಲ. ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಬಾಗಿಸುತ್ತಾರೆ, ಹೆಬ್ಬೆರಳಿನಿಂದ ಅಂಚನ್ನು ಫರ್ರನೆ ಬಿಡುತ್ತಾರೆ, ಮೇಜಿನ ಮೇಲೆ ತಟ್ಟಿ ಸರಿಮಾಡಿ ಆಮೇಲೆ ಒಳಗಿಡುತ್ತಾರೆ. ಕಾರ್ಖಾನೆಯಲ್ಲಿ ಬ್ಲೇಡು ಹಲವು ಹಾಳೆಗಳನ್ನು ಒಟ್ಟಿಗೆ ಕತ್ತರಿಸುವುದರಿಂದ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅವನ್ನು ಬಿಡಿಸಿ ನಡುವೆ ಗಾಳಿಯಾಡಿಸದಿದ್ದರೆ ಯಂತ್ರ ಒಂದು ಹಾಳೆ ಎಳೆದಾಗ ಮೂರು ಬರುತ್ತವೆ.

ಪ್ರಿಂಟರಿನ ಗುಣಗಾನ ಮಾಡುವವರೆಲ್ಲ ಲೇಸರ್, ಇಂಕು, ರೆಸಲ್ಯೂಷನ್ ಎನ್ನುತ್ತಾರೆ. ಅಂಗಡಿಗೆ ರಿಪೇರಿಗೆ ಬರುವ ಯಂತ್ರದ ದೂರು ಬೇರೆಯೇ ಇರುತ್ತದೆ: ಪೇಪರ್ ಎಳೆಯುತ್ತಿಲ್ಲ, ಇಲ್ಲವೇ ಎರಡೆರಡು ಎಳೆಯುತ್ತಿದೆ. ಕಟ್ಟಿನಿಂದ ಒಂದೇ ಒಂದು ಹಾಳೆಯನ್ನು, ಪ್ರತಿ ಸಲವೂ ಒಂದನ್ನೇ, ಎತ್ತಿಕೊಡುವುದು ನೋಡಲು ಮಕ್ಕಳಾಟ. ಆದರೆ ಎಂಜಿನಿಯರುಗಳನ್ನು ನೂರು ವರ್ಷಕ್ಕೂ ಮೀರಿ ದುಡಿಸಿಕೊಂಡಿರುವ ಸಮಸ್ಯೆ.

80 ಜಿಎಸ್‌ಎಂನ ಎ-4 ಹಾಳೆ ತೂಗುವುದು 5 ಗ್ರಾಂ. ದಪ್ಪ ಸುಮಾರು 0.1 ಮಿಲಿಮೀಟರ್. ಇಂಥ 500 ಹಾಳೆಗಳ ಕಟ್ಟಿನ ಮೇಲೆ ಒಂದು ರಬ್ಬರ್ ರೋಲರ್ ಕೂತು ತಿರುಗುತ್ತದೆ ಎಂದುಕೊಳ್ಳಿ. ರಬ್ಬರಿಗೂ ಕಾಗದಕ್ಕೂ ನಡುವಿನ ಘರ್ಷಣೆ ಹೆಚ್ಚು, ಕಾಗದಕ್ಕೂ ಕಾಗದಕ್ಕೂ ನಡುವಿನದು ಕಡಿಮೆ. ಹಾಗಾಗಿ ಮೊದಲ ಹಾಳೆ ಮುಂದಕ್ಕೆ ಜಾರುವುದು ಖಂಡಿತ. ತಕರಾರು ಇರುವುದು ಎರಡನೆಯದರಲ್ಲಿ. ಅದನ್ನು ಮೇಲಿನ ಹಾಳೆ ಮುಂದಕ್ಕೆ ಎಳೆಯುತ್ತದೆ, ಕೆಳಗಿನ ಹಾಳೆ ಹಿಡಿದು ನಿಲ್ಲಿಸುತ್ತದೆ. ಎರಡೂ ಕಾಗದವೇ ಆದ್ದರಿಂದ ಎಳೆತವೂ ತಡೆಯೂ ಹೆಚ್ಚುಕಡಿಮೆ ಸಮ. ರೋಲರನ್ನು ಇನ್ನಷ್ಟು ಬಲವಾಗಿ ಒತ್ತಿದರೆ? ಎಳೆತ ಎಷ್ಟು ಹೆಚ್ಚಿತೋ ತಡೆಯೂ ಅಷ್ಟೇ ಹೆಚ್ಚುತ್ತದೆ, ಫಲ ಸೊನ್ನೆ. ಎರಡನೆಯ ಹಾಳೆ ಬರುವುದೂ ನಿಲ್ಲುವುದೂ ಅದೃಷ್ಟದ ಪಾಲಾಗುತ್ತದೆ.

ಆದ್ದರಿಂದ ಈ ಯಂತ್ರದ ನಿಜವಾದ ಕಸುಬು ಎಳೆಯುವುದರಲ್ಲಿಲ್ಲ. ಮಿಕ್ಕವನ್ನು ಹಿಡಿದು ನಿಲ್ಲಿಸುವುದರಲ್ಲಿದೆ.

ಅಗ್ಗದ ಪ್ರಿಂಟರುಗಳಲ್ಲಿ ಈ ಕೆಲಸಕ್ಕೆ ಒಂದು ಪುಟ್ಟ ತುಂಡು ಸಾಕು. ರೋಲರಿನ ಎದುರಿಗೆ, ಸ್ಪ್ರಿಂಗಿನ ಮೇಲೆ, ಹೆಬ್ಬೆರಳಗಲದ ಕಾರ್ಕ್ ಅಥವಾ ರಬ್ಬರಿನ ಪ್ಯಾಡ್ ಇರುತ್ತದೆ. ಅದರ ಹಿಡಿತ ರೋಲರಿಗಿಂತ ಕಡಿಮೆ ಇರಬೇಕು, ಕಾಗದಕ್ಕಿಂತ ಹೆಚ್ಚಿರಬೇಕು. ಒಂದೇ ಹಾಳೆ ಬಂದರೆ ರೋಲರ್ ಗೆಲ್ಲುತ್ತದೆ, ಹಾಳೆ ಪ್ಯಾಡಿನ ಮೇಲೆ ಸವರಿಕೊಂಡು ದಾಟುತ್ತದೆ. ಎರಡು ಒಟ್ಟಿಗೆ ಬಂದರೆ ಕೆಳಗಿನದು ಪ್ಯಾಡಿಗೆ ಅಂಟಿ ನಿಲ್ಲುತ್ತದೆ, ಮೇಲಿನದು ಅದರ ಮೇಲೆ ಜಾರಿ ಹೋಗುತ್ತದೆ. ಲೆಕ್ಕ ಸರಳ. ಆದರೆ ಈ ಮೂರು ಘರ್ಷಣೆಗಳ ಶ್ರೇಣಿ ಯಂತ್ರ ಹೊಸದಿದ್ದಾಗ ಮಾತ್ರವಲ್ಲ, ಸಾವಿರಾರು ಹಾಳೆ ಓಡಿದ ಮೇಲೂ ಉಳಿಯಬೇಕು. ಕಾಗದವನ್ನು ಬೆಳ್ಳಗಾಗಿಸಲು, ನುಣುಪಾಗಿಸಲು ಸೇರಿಸುವ ಸುಣ್ಣದಂಥ ಪುಡಿ ದಿನವೂ ಇಷ್ಟಿಷ್ಟು ಉದುರಿ ರಬ್ಬರಿನ ಮೇಲೆ ಕೂರುತ್ತದೆ. ರಬ್ಬರೂ ವಯಸ್ಸಾದಂತೆ ಗಟ್ಟಿಯಾಗಿ ಹೊಳಪೇರುತ್ತದೆ. ರೋಲರಿನ ಹಿಡಿತ ಕುಸಿದು ಪ್ಯಾಡಿನ ಮಟ್ಟಕ್ಕೆ ಇಳಿದ ದಿನ ಪ್ರಿಂಟರ್ ಗರಗರ ತಿರುಗಿ, ಏನನ್ನೂ ಎತ್ತದೆ, ಟ್ರೇಯಲ್ಲಿ ಕಾಗದವೇ ಇಲ್ಲವೆಂದು ದೂರುತ್ತದೆ. ಮೆಕ್ಯಾನಿಕ್ ಬಂದು ಒದ್ದೆ ಬಟ್ಟೆಯಲ್ಲಿ ರೋಲರ್ ಒರೆಸಿ ಹೋದರೆ ಮತ್ತೆ ಓಡುತ್ತದಲ್ಲ, ಅದರ ಹಿಂದಿನ ಗುಟ್ಟು ಇಷ್ಟೇ.

ಹೆಚ್ಚು ಕೆಲಸ ಮಾಡುವ ಕಾಪಿಯರ್, ಸ್ಕ್ಯಾನರುಗಳಿಗೆ ಸವೆಯುವ ಪ್ಯಾಡ್ ಸಾಲದು. ಅವುಗಳಲ್ಲಿರುವ ಏರ್ಪಾಡು ಈ ಇಡೀ ವಿದ್ಯೆಯಲ್ಲೇ ಅತ್ಯಂತ ಜಾಣತನದ್ದು ಎನ್ನಬೇಕು. ಮೇಲೊಂದು ರೋಲರ್ ಹಾಳೆಯನ್ನು ಮುಂದಕ್ಕೆ ತಳ್ಳುತ್ತದೆ. ಕೆಳಗೆ ಅದಕ್ಕೆ ತಾಗಿಕೊಂಡೇ ಇನ್ನೊಂದು ರೋಲರ್ ಇದೆ. ಮೋಟಾರು ಈ ಕೆಳಗಿನದನ್ನು ಸದಾ ಹಿಂದಕ್ಕೇ ತಿರುಗಿಸಲು ಯತ್ನಿಸುತ್ತಿರುತ್ತದೆ. ಆದರೆ ಮೋಟಾರಿಗೂ ಅದಕ್ಕೂ ನಡುವೆ ಟಾರ್ಕ್ ಲಿಮಿಟರ್ ಎಂಬ ಪುಟ್ಟ ಕ್ಲಚ್ ಇದೆ. ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಬಲ ಎದುರಾದರೆ ಅದು ಜಾರಿಬಿಡುತ್ತದೆ. ನಡುವೆ ಒಂದೇ ಹಾಳೆ ಇದ್ದಾಗ ಮೇಲಿನ ರೋಲರಿನ ಬಲ ಹಾಳೆಯ ಮೂಲಕ ಪೂರ್ತಿ ಕೆಳಗಿನದಕ್ಕೆ ತಲುಪುತ್ತದೆ. ಕ್ಲಚ್ ಸೋಲುತ್ತದೆ, ಕೆಳಗಿನ ರೋಲರ್ ತನ್ನ ಹಟ ಬಿಟ್ಟು ಮುಂದಕ್ಕೇ ಉರುಳುತ್ತದೆ. ಎರಡು ಹಾಳೆ ನುಸುಳಿದವೆನ್ನಿ. ಆಗ ಅವೆರಡರ ನಡುವೆ ಇರುವುದು ಕಾಗದ-ಕಾಗದದ ದುರ್ಬಲ ಹಿಡಿತ ಮಾತ್ರ. ಕ್ಲಚ್ಚನ್ನು ಸೋಲಿಸಲು ಅಷ್ಟು ಬಲ ಸಾಲದು. ಕೂಡಲೇ ಕೆಳಗಿನ ರೋಲರ್ ಹಿಂದಕ್ಕೆ ತಿರುಗಿ ಎರಡನೆಯ ಹಾಳೆಯನ್ನು ಬಂದ ದಾರಿಗೇ ಅಟ್ಟುತ್ತದೆ. ಇಲ್ಲಿ ಕಂಪ್ಯೂಟರಿಲ್ಲ, ಎಷ್ಟು ಹಾಳೆ ಇವೆಯೆಂದು ಎಣಿಸುವ ಸೆನ್ಸರ್ ಇಲ್ಲ. ಘರ್ಷಣೆಯ ವ್ಯತ್ಯಾಸವೇ ಎಣಿಕೆಯನ್ನೂ ಮಾಡುತ್ತದೆ, ತೀರ್ಪನ್ನೂ ಕೊಡುತ್ತದೆ.

ಹಳೆಯ ಕಾಪಿಯರುಗಳ ಟ್ರೇಗಳಲ್ಲಿ ಮತ್ತೊಂದು ಉಪಾಯ ಇರುತ್ತಿತ್ತು. ಕಟ್ಟಿನ ಮುಂದಿನ ಎರಡು ಮೂಲೆಗಳ ಮೇಲೆ ಚಿಕ್ಕ ತಗಡಿನ ಕಿವಿ. ರೋಲರ್ ತಳ್ಳಿದಾಗ ಮೇಲಿನ ಹಾಳೆ ಮೂಲೆಯಲ್ಲಿ ತಡೆದು, ಉಬ್ಬಿ, ಪಟ್ಟನೆ ತಗಡಿನಿಂದ ತಪ್ಪಿಸಿಕೊಳ್ಳುತ್ತದೆ. ಇದು ಕಾಗದದ ಬಿಗುವನ್ನು ನಂಬಿದ ವಿಧಾನ. ದಪ್ಪ ಕಾರ್ಡು ಕೊಟ್ಟರೆ ಉಬ್ಬುವುದೇ ಇಲ್ಲ.

ಇವೆಲ್ಲಕ್ಕೂ ಮೊದಲು ಈ ಕೆಲಸ ಮನುಷ್ಯರ ಕೈಯದೇ ಆಗಿತ್ತು. ಊರೂರಿನ ಪ್ರೆಸ್ಸುಗಳಲ್ಲಿದ್ದ ಟ್ರೆಡಲ್ ಯಂತ್ರದ ಮುಂದೆ ನಿಂತವನು ಬಲಗೈಯಲ್ಲಿ ಖಾಲಿ ಹಾಳೆ ಇಟ್ಟು, ಎಡಗೈಯಲ್ಲಿ ಅಚ್ಚಾದದ್ದನ್ನು ತೆಗೆಯಬೇಕಿತ್ತು, ಅದೂ ಯಂತ್ರ ಬಾಯಿ ಮುಚ್ಚುವುದರೊಳಗೆ. ಕೈ ತಡವಾದರೆ ಬೆರಳು ಹೋಯಿತು. ಜರ್ಮನಿಯ ಕಲೋನ್ ನಗರದ ಮುದ್ರಕ ಕಾರ್ಲ್ ಗಿಲ್ಕೆ 1912ರಲ್ಲಿ ಈ ಎರಡು ಕೈಗಳ ಬದಲಿಗೆ ತಿರುಗುವ ಎರಡು ಲೋಹದ ತೋಳುಗಳನ್ನು ಕಲ್ಪಿಸಿದ. ಅದನ್ನು ಹೈಡೆಲ್‌ಬರ್ಗ್ ಕಂಪನಿ ತಯಾರಿಸಿ 1914ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ತೋರಿಸಿತು. ತೋಳುಗಳು ಹಾಳೆಯನ್ನು ಹಿಡಿದು ಸುತ್ತುವುದನ್ನು ಕಂಡ ಇಂಗ್ಲಿಷಿನವರು ಅದಕ್ಕೆ ವಿಂಡ್‌ಮಿಲ್ ಎಂದು ಹೆಸರಿಟ್ಟರು. ಮುಂದೆ ಬಲಿತ ಈ ಯಂತ್ರದಲ್ಲಿ ಹಾಳೆ ಬೇರ್ಪಡಿಸುವ ಕೆಲಸ ರಬ್ಬರಿನದಲ್ಲ, ಗಾಳಿಯದು: ಪಕ್ಕದಿಂದ ಊದುವ ಗಾಳಿ ಮೇಲಿನ ಕೆಲವು ಹಾಳೆಗಳನ್ನು ಸಡಿಲಿಸುತ್ತದೆ, ಹೀರುವ ನಳಿಕೆಗಳು ಒಂದನ್ನು ಎತ್ತಿ ತೋಳಿಗೆ ಕೊಡುತ್ತವೆ. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ಲಗ್ನಪತ್ರಿಕೆಗೆ ಡೈ ಹೊಡೆಯಲು ಇವತ್ತಿಗೂ ಈ ಯಂತ್ರಗಳು ಓಡುತ್ತಿವೆ.

ಗಾಳಿಯ ಇದೇ ಯುಕ್ತಿ ದೊಡ್ಡ ಆಫ್‌ಸೆಟ್ ಪ್ರೆಸ್ಸುಗಳಲ್ಲೂ ಇದೆ. ಅಲ್ಲಿ ಗಂಟೆಗೆ 18,000 ಹಾಳೆ, ಅಂದರೆ ಸೆಕೆಂಡಿಗೆ ಐದು. ಅಷ್ಟು ವೇಗದಲ್ಲಿ ಒಂದೊಂದನ್ನೇ ಪೂರ್ತಿ ಎಳೆದು ಮುಗಿಸಲು ಸಮಯವಿಲ್ಲ. ಆದ್ದರಿಂದ ಹೀರುವ ನಳಿಕೆಗಳು ಹಾಳೆಯನ್ನು ಹಿಂಬದಿಯಿಂದ ಎತ್ತುತ್ತವೆ. ಮೊದಲನೆಯದು ಪೂರ್ತಿ ಹೋಗುವ ಮೊದಲೇ ಎರಡನೆಯದು ಅದರಡಿ ನುಸುಳುತ್ತದೆ. ಹಾಳೆಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಅರ್ಧಂಬರ್ಧ ಹರಡಿಕೊಂಡು ನಿಧಾನವಾಗಿ ಸಾಗುತ್ತವೆ. ಅಂಚಿಗೆ ಬಂದು ಅಡ್ಡಪಟ್ಟಿಗೆ ತಾಗಿ, ಕ್ಷಣಕಾಲ ನಿಂತು ನೇರವಾದ ಮೇಲೆಯೇ ಗ್ರಿಪ್ಪರ್ ಅವನ್ನು ಕಚ್ಚಿಕೊಳ್ಳುವುದು.

ಒಂದು ಹಾಳೆ ಅಡ್ಡಾದಿಡ್ಡಿ ಹೋದರೆ ಆಗುವ ಅನಾಹುತಕ್ಕೆ 1959ರ ಜೆರಾಕ್ಸ್ 914 ಒಳ್ಳೆಯ ಸಾಕ್ಷಿ. ಸಾಮಾನ್ಯ ಕಾಗದದ ಮೇಲೆ ಗುಂಡಿ ಒತ್ತಿದರೆ ಪ್ರತಿ ಕೊಡುವ ಮೊದಲ ಕಚೇರಿ ಯಂತ್ರ ಅದು. ತೂಕ ಮುನ್ನೂರು ಕಿಲೋದ ಹತ್ತಿರ. ಅಕ್ಷರ ಮೂಡಿಸುವ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ಭಾಗದಲ್ಲಿ ಹಾಳೆ ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತಿತ್ತು. ಕಂಪನಿ ಜೊತೆಗೆ ಅಗ್ನಿಶಾಮಕವನ್ನೂ ಕೊಟ್ಟಿತು. ಬೆಂಕಿ ಎಂಬ ಮಾತು ಬಾಯಿಗೆ ಬರಬಾರದೆಂದು ಅದಕ್ಕೆ ‘ಸ್ಕಾರ್ಚ್ ಎಲಿಮಿನೇಟರ್’ ಎಂದು ಹೆಸರಿಟ್ಟಿತು. ಮಾರಾಟ ವಿಭಾಗದ ಭಾಷಾಜ್ಞಾನಕ್ಕೆ ಮೆಚ್ಚಲೇಬೇಕು.

ವಿನ್ಯಾಸಕಾರ ಎಷ್ಟೇ ಲೆಕ್ಕ ಹಾಕಿದರೂ ಕಾಗದ ಮಾತ್ರ ಒಂದೇ ಸಮನೆ ಇರುವುದಿಲ್ಲ. ಗಾಳಿಯ ತೇವವನ್ನು ಅದು ಕುಡಿಯುತ್ತದೆ, ಬಿಡುತ್ತದೆ. ಆಗುಂಬೆಯ ಆಷಾಢದಲ್ಲಿ ಹಾಳೆ ಮೆತ್ತಗಾಗಿ ಬಿಗುವು ಕಳೆದುಕೊಂಡರೆ, ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಸ್ಥಿರ ವಿದ್ಯುತ್ತಿನಿಂದ ಅಂಟಿಕೊಳ್ಳುತ್ತದೆ. ತೇವಕ್ಕೆಂದೇ ಟ್ರೇಯ ಕೆಳಗೆ ಕೂರಿಸುವ ಪುಟ್ಟ ಹೀಟರುಗಳು ಬಂದಿವೆ. ಎರಡೂ ಬದಿ ಮುದ್ರಿಸುವಾಗ ಕಷ್ಟ ಇಮ್ಮಡಿ: ಮೊದಲ ಬದಿ ಮುಗಿಯುವಷ್ಟರಲ್ಲಿ ಬಿಸಿ ರೋಲರ್ ಹಾಳೆಯ ತೇವವನ್ನು ಹೀರಿ ಸುರುಳಿಯಾಗಿಸಿರುತ್ತದೆ.

ಕಾಗದ ನೋಟಾದರೆ ತಪ್ಪಿನ ಬೆಲೆಯೂ ಏರುತ್ತದೆ. ಮೈಸೂರಿನ ನೋಟು ಮುದ್ರಣಾಲಯದಿಂದ ಗರಿಗರಿಯಾಗಿ ಹೊರಬಿದ್ದ ನೋಟು ಮೀನಂಗಡಿ, ಬಸ್ಸು, ಜೇಬು ಸುತ್ತಿ ಬರುವಾಗ ಬೇರೆಯೇ ವಸ್ತು. ಮಡಿಕೆ, ಎಣ್ಣೆ, ಹರಿದ ಅಂಚು. ಹಿಂದೆ ಬ್ಯಾಂಕುಗಳು ಕಟ್ಟಿಗೆ ಸ್ಟೇಪಲ್ ಹೊಡೆಯುತ್ತಿದ್ದುದರಿಂದ ತೂತುಗಳೂ ಇರುತ್ತಿದ್ದವು. ಅದನ್ನು ನಿಲ್ಲಿಸುವಂತೆ ರಿಸರ್ವ್ ಬ್ಯಾಂಕ್ 2001ರಲ್ಲಿ ಆದೇಶಿಸಿತು. ಎಟಿಎಂಗಳಲ್ಲಿ ಕೆಲವು ರಬ್ಬರ್ ರೋಲರಿನಿಂದ, ಕೆಲವು ಹೀರುವ ಬಟ್ಟಲುಗಳಿಂದ ನೋಟು ಎತ್ತುತ್ತವೆ. ಎತ್ತಿದ ಪ್ರತಿ ನೋಟಿನ ದಪ್ಪವನ್ನು ಅಳೆಯುತ್ತವೆ. ಎರಡು ಅಂಟಿ ಬಂದಿವೆಯೆಂಬ ಅನುಮಾನ ಬಂದರೆ ಬಿಡಿಸಲು ಹೋಗದೆ ಎರಡನ್ನೂ ಒಳಗಿನ ತಿರಸ್ಕೃತ ಡಬ್ಬಿಗೆ ಹಾಕಿ ಬೇರೆ ನೋಟು ತೆಗೆಯುತ್ತವೆ. 2016ರ ನವೆಂಬರಿನಲ್ಲಿ ಹಳೆಯ ನೋಟು ರದ್ದಾಗಿ ಹೊಸ ನೋಟು ಬಂದರೂ ಎಟಿಎಂ ಮುಂದೆ ಸಾಲು ಕರಗದಿದ್ದುದಕ್ಕೆ ಒಂದು ಕಾರಣವೂ ಇಲ್ಲೇ ಇತ್ತು. ಹಳೆಯ 500ರ ನೋಟಿನ ಅಗಲ 73 ಮಿಲಿಮೀಟರ್, ಹೊಸದರದು 66. ಉದ್ದವೂ 167ರಿಂದ 150ಕ್ಕೆ ಇಳಿದಿತ್ತು. ನೋಟು ತುಂಬುವ ಪೆಟ್ಟಿಗೆಗಳನ್ನು ಈ ಅಳತೆಗೆ ಹೊಂದಿಸಲು ತಂತ್ರಜ್ಞರು ದೇಶದ ಸುಮಾರು ಎರಡು ಲಕ್ಷ ಯಂತ್ರಗಳಿಗೂ ಒಂದೊಂದಾಗಿ ಹೋಗಬೇಕಾಯಿತು.

ಉತ್ತರಪತ್ರಿಕೆಗಳನ್ನು, ಕಡತಗಳನ್ನು ಸ್ಕ್ಯಾನ್ ಮಾಡುವ ಕಡೆ ಎರಡು ಹಾಳೆ ಒಟ್ಟಿಗೆ ಹೋದರೆ ಒಂದು ಪುಟವೇ ದಾಖಲೆಯಿಂದ ಮಾಯ. ಅದಕ್ಕಾಗಿ ಅಲ್ಲಿ ಶಬ್ದವನ್ನು ಕಾವಲಿಗಿಟ್ಟಿದ್ದಾರೆ. ಹಾಳೆಯ ಒಂದು ಬದಿಯಿಂದ ಕಿವಿಗೆ ಕೇಳಿಸದ ಅಲ್ಟ್ರಾಸೌಂಡ್ ಹೊಮ್ಮಿಸಿ ಇನ್ನೊಂದು ಬದಿಯಲ್ಲಿ ಆಲಿಸುತ್ತಾರೆ. ಎರಡು ಹಾಳೆ ಎಷ್ಟೇ ಒತ್ತಿಕೊಂಡಿದ್ದರೂ ನಡುವೆ ತೆಳುವಾದ ಗಾಳಿಯ ಪದರ ಇದ್ದೇ ಇರುತ್ತದೆ. ಅದನ್ನು ದಾಟುವಾಗ ಶಬ್ದ ತೀರಾ ಕ್ಷೀಣಿಸುತ್ತದೆ, ಯಂತ್ರ ನಿಲ್ಲುತ್ತದೆ. ಅಂಟಿಸಿದ ಭಾವಚಿತ್ರವಿರುವ ಅರ್ಜಿ ಬಂದರೂ ಅದು ಹಾಗೇ ನಿಲ್ಲಬಹುದು, ಅಂಟು ಹಿಡಿಯದ ಕಡೆ ಅಲ್ಲೂ ಗಾಳಿ ಇರುತ್ತದಲ್ಲ. ಆಗ ಆಪರೇಟರ್ ಸೆಟ್ಟಿಂಗ್ ತೆರೆದು, ಫೋಟೋ ಇರುವ ಅಷ್ಟು ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆಂದು ಯಂತ್ರಕ್ಕೆ ಹೇಳಿ ಕಟ್ಟನ್ನು ಮತ್ತೆ ಇಡುತ್ತಾನೆ.